ಯಾರ ರೊಕ್ಕ, ಯಾರ ಧೈರ್ಯ?

ಹೋದ ವರ್ಷ ಶೀಗಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ನಮ್ಮೂರು ಮುಂಡರಗಿ ತಾಲೂಕಿನದು. ಮನೆ ಮಾಳಿಗೆ ಹತ್ತಿದರೆ ಕಪ್ಪತಗುಡ್ಡ ಕಾಣುತ್ತದೆ, ಅದರ ಮೇಲೆ ಸಾಲಾಗಿ ತಿರುಗೋ ಗಾಳಿ ಫ್ಯಾನುಗಳು ಕಾಣುತ್ತವೆ. ಹೊಲದಾಗ ಊಟ ಮುಗಿಸಿ ಮನೆಗೆ ಬಂದ ಮೇಲೆ ಅವ್ವ ಸೀರೆ ಗಂಟಿನೊಳಗಿಂದ ಒಂದು ಪಾಸ್‌ಬುಕ್ ತೆಗೆದು ಕೈಗಿಟ್ಟಳು.

"ಯಪ್ಪಾ, ಸಂಘದಾಗ ರೊಕ್ಕ ಕೊಡವಲ್ರು. ಮುಂದಿನ ವಾರ ಬರ್ರಿ ಅಂತಾರ. ಎಂಟು ತಿಂಗಳಾತು. ನೀ ಒಮ್ಮೆ ಮಾತಾಡಿ ನೋಡ್ತಿಯೇನು?"

ಒಂದು ಲಕ್ಷ ಎಂಬತ್ತು ಸಾವಿರ. ಉಳ್ಳಾಗಡ್ಡಿಗೆ ರೇಟು ಸಿಕ್ಕ ಒಂದೇ ಒಂದು ವರ್ಷದ ಉಳಿತಾಯ, ಮತ್ತೆ ಅವ್ವ ಎಮ್ಮೆ ಹಾಲು ಮಾರಿ ಕೂಡಿಸಿದ್ದು. ಅದನ್ನು ತಾಲೂಕು ಜಾಗದ ಒಂದು ಪತ್ತಿನ ಸಂಘದಲ್ಲಿ ಎಫ್‌ಡಿ ಇಟ್ಟಿದ್ದಳು. ಬ್ಯಾಂಕಿನವರು ಆರೂವರೆ ಕೊಡ್ತಾರೆ, ಸಂಘದವರು ಒಂಬತ್ತೂವರೆ ಕೊಡ್ತಾರೆ, ಏನು ಮಾಡಲಿ ಅಂತ ಇಡೋ ಮೊದಲು ನನಗೆ ಫೋನ್ ಮಾಡಿ ಕೇಳಿದ್ದಳು. ನಾನು ಆಫೀಸಿನಲ್ಲಿ ಮೀಟಿಂಗಿಗೆ ಹೊರಟಿದ್ದೆ. "ಇಡವ್ವಾ, ಏನಾಗಂಗಿಲ್ಲ" ಅಂದೆ. ಹತ್ತು ಸೆಕೆಂಡಿನ ಸಲಹೆ.

ಇದರಲ್ಲಿ ನನಗೆ ನಾಚಿಕೆ ಆಗೋ ಭಾಗ ಬೇರೆ ಇದೆ. ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸವೇ ಬ್ಯಾಂಕಿನ ಬಂಡವಾಳದ ಲೆಕ್ಕ. ಹೊರದೇಶದ ಒಂದು ಬ್ಯಾಂಕಿಗೆ, ಅದು ಕೊಟ್ಟ ಸಾಲಗಳಿಗೆ ಎದುರಾಗಿ ಎಷ್ಟು ಸ್ವಂತ ಬಂಡವಾಳ ಇರಬೇಕು ಅಂತ ಪ್ರತಿ ತಿಂಗಳು ಲೆಕ್ಕ ಹಾಕೋ ಸಾಫ್ಟ್‌ವೇರ್ ಬರೆಯೋ ತಂಡದಲ್ಲಿ ಇದ್ದೀನಿ. ದಿನಾ ಎಂಟು ತಾಸು ಆ ಬ್ಯಾಂಕಿನ ಠೇವಣಿದಾರರ ಸುರಕ್ಷತೆಯ ಕಾಲಂ ತುಂಬಿಸೋ ನಾನು, ನನ್ನ ಅವ್ವನ ಠೇವಣಿ ಇಡೋವಾಗ ಆ ಸಂಘದ ಬಂಡವಾಳ ಎಷ್ಟು ಅಂತ ಒಂದು ಮಾತು ಕೇಳಲಿಲ್ಲ.

ಅವತ್ತಿನಿಂದ ತಲೆಯೊಳಗೆ ಒಂದು ಪ್ರಶ್ನೆ ಕೊರೀತಾ ಇದೆ. ಬೇರೆಯವರ ರೊಕ್ಕದಲ್ಲಿ ವ್ಯಾಪಾರ ಮಾಡೋನು ತನ್ನದು ಅಂತ ಎಷ್ಟು ಹಾಕಿರಬೇಕು? ಇದು ಬರೀ ಲೆಕ್ಕದ ಪ್ರಶ್ನೆಯೋ, ನ್ಯಾಯದ ಪ್ರಶ್ನೆಯೋ?

ಮೊದಲು ಲೆಕ್ಕ ಮುಗಿಸೋಣ. ಬಂಡವಾಳ ಅಂದರೆ ಬಹಳ ಜನ ತಪ್ಪು ತಿಳಿದಿರುತ್ತಾರೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ತಿಳಿದಿದ್ದೆ. ನಮ್ಮಜ್ಜ ಬಿತ್ತನೆಗೆ ಅಂತ ಒಂದಿಷ್ಟು ಜೋಳ ಬೇರೆ ತೆಗೆದಿಡುತ್ತಿದ್ದನಲ್ಲ, ಮನೆಯಲ್ಲಿ ಎಷ್ಟೇ ತ್ರಾಸ ಇದ್ದರೂ ಅದನ್ನು ಮುಟ್ಟುವಂತಿರಲಿಲ್ಲ; ಬ್ಯಾಂಕಿನ ಬಂಡವಾಳವೂ ಹಾಗೇ ತಿಜೋರಿಯಲ್ಲಿ ಬೀಗ ಹಾಕಿಟ್ಟ ಹಣ ಅಂದುಕೊಂಡಿದ್ದೆ. ಅಲ್ಲ. ರಿಸರ್ವ್ ಬ್ಯಾಂಕಿನಲ್ಲಿ ತೆಗೆದಿಡೋ ಸಿಆರ್‌ಆರ್ ಬೇರೆ. ಬಂಡವಾಳ ಅಂದರೆ ಎಲ್ಲೋ ಸುಮ್ಮನೆ ಕೂತ ಹಣ ಅಲ್ಲ, ಅದೂ ಸಾಲವಾಗಿ ಹೊರಗೆ ಓಡಾಡುತ್ತಲೇ ಇರುತ್ತದೆ. ಆದರೆ ಅದು ಮಾಲೀಕರ ಹಣ. ಅದನ್ನು ಇಂಥ ದಿನ ಇಷ್ಟು ಬಡ್ಡಿ ಸೇರಿಸಿ ವಾಪಸ್ ಕೊಡ್ತೀವಿ ಅಂತ ಯಾರಿಗೂ ಮಾತು ಕೊಟ್ಟಿರೋದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಹೊಲದ ಭಾಷೆಯಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಹೊಲವನ್ನು ಲಾವಣಿಗೆ ಕೊಟ್ಟರೆ ಮಳೆ ಬರಲಿ ಬಿಡಲಿ, ಮಾಲೀಕನಿಗೆ ಇಷ್ಟು ಅಂತ ಗೊತ್ತುಮಾಡಿದ ರೊಕ್ಕ ಬರಬೇಕು. ಪಾಲಿಗೆ ಕೊಟ್ಟರೆ ಬೆಳೆದದ್ದರಲ್ಲಿ ಅರ್ಧ; ಬೆಳೆ ಹೋದರೆ ಇಬ್ಬರಿಗೂ ಹೋಯಿತು. ಠೇವಣಿ ಇಡೋ ಅವ್ವ ಲಾವಣಿ ಕೊಟ್ಟವಳು. ಷೇರು ಹಾಕಿದವನು ಪಾಲಿಗೆ ಬಿದ್ದವನು. ಬೆಳೆ ಹೋದಾಗ ಮೊದಲು ಹೋಗಬೇಕಾದ್ದು ಪಾಲಿನವನದು. ಅವನ ಪಾಲು ಎಷ್ಟು ದೊಡ್ಡದಿದೆಯೋ, ಲಾವಣಿ ಕೊಟ್ಟವಳು ಅಷ್ಟು ನಿಶ್ಚಿಂತೆಯಾಗಿ ಮಲಗಬಹುದು.

ಹಾಗಾದರೆ ಬ್ಯಾಂಕಿನವರು ಬಂಡವಾಳ ಜಾಸ್ತಿ ಇಡೋಕೆ ಯಾಕೆ ಮುಖ ಸಿಂಡರಿಸುತ್ತಾರೆ? ಒಂದು ಸಣ್ಣ ಲೆಕ್ಕ ನೋಡಿ. ಎರಡು ಬ್ಯಾಂಕು, ಎರಡೂ 100 ರೂಪಾಯಿ ಸಾಲ ಕೊಟ್ಟಿವೆ. ಮೊದಲನೆಯದರಲ್ಲಿ ಸ್ವಂತದ್ದು 5, ಠೇವಣಿ 95. ಎಲ್ಲ ಖರ್ಚು, ಬಡ್ಡಿ ಕಳೆದು 1 ರೂಪಾಯಿ ಉಳಿಯಿತು ಅಂದರೆ ಮಾಲೀಕರಿಗೆ 5ಕ್ಕೆ 1, ಅಂದರೆ ಶೇ. 20 ಲಾಭ. ಎರಡನೆಯದರಲ್ಲಿ ಸ್ವಂತದ್ದು 10, ಠೇವಣಿ 90. ಠೇವಣಿ 5 ರೂಪಾಯಿ ಕಡಿಮೆ ಆಗಿದ್ದರಿಂದ, ಶೇ. 6ರಂತೆ 30 ಪೈಸೆ ಬಡ್ಡಿ ಉಳಿಯಿತು. ಲಾಭ 1 ರೂಪಾಯಿ 30 ಪೈಸೆ, ಅಂದರೆ ಶೇ. 13. ಷೇರುಪೇಟೆಯವರಿಗೆ ಮೊದಲನೇ ಬ್ಯಾಂಕಿನ ಮ್ಯಾನೇಜರ್ ಜಾಣ, ಎರಡನೆಯವನು ಮಂದ.

ಈಗ ಕೊಟ್ಟ 100ರಲ್ಲಿ 6 ರೂಪಾಯಿ ಮುಳುಗಿತು ಅನ್ನಿ. ಎರಡನೇ ಬ್ಯಾಂಕಿನ ಮಾಲೀಕರ ಹತ್ತಿರ ಇನ್ನೂ 4 ರೂಪಾಯಿ ಇದೆ, ಬಾಗಿಲು ತೆರೆದೇ ಇರುತ್ತದೆ. ಮೊದಲನೆಯದರಲ್ಲಿ ಮಾಲೀಕರ ಐದೂ ಹೋಯಿತು, ಮೇಲಿನ 1 ರೂಪಾಯಿ ಯಾರದ್ದು ಹೋಗಬೇಕು? ಠೇವಣಿದಾರರದ್ದು, ಇಲ್ಲಾ ತೆರಿಗೆ ಕಟ್ಟೋ ನಿಮ್ಮದು ನನ್ನದು. ಅಂದರೆ ಆ ಶೇ. 20 ಲಾಭದಲ್ಲಿ ಒಂದಿಷ್ಟು ಜಾಣತನದ ಕೂಲಿ ಇರಬಹುದು, ಇನ್ನೊಂದಿಷ್ಟು ಬೇರೆಯವರ ರೊಕ್ಕದ ಮೇಲೆ ತೋರಿಸಿದ ಧೈರ್ಯದ ಕೂಲಿ. ಸುಗ್ಗಿ ಚೆನ್ನಾಗಿ ಬಂದ ವರ್ಷ ಇವೆರಡನ್ನೂ ಬೇರೆ ಮಾಡಿ ತೋರಿಸೋದು ಕಷ್ಟ.

2008ಕ್ಕೆ ಮೊದಲು ಜಗತ್ತಿಗೆಲ್ಲ ಸುಗ್ಗಿ. ಜರ್ಮನಿಯ ಡಾಯ್ಚ ಬ್ಯಾಂಕಿನ ಮುಖ್ಯಸ್ಥ ಜೋಸೆಫ್ ಆಕರ್ಮನ್ ಬಂಡವಾಳದ ಮೇಲೆ ತೆರಿಗೆಗೆ ಮೊದಲು ಶೇ. 25 ಲಾಭ ಅನ್ನೋ ಗುರಿ ಇಟ್ಟಿದ್ದರು. ಲೇಮನ್ ಬ್ರದರ್ಸ್ ಮುಳುಗುವ ಹೊತ್ತಿಗೆ ಅದರ ಒಟ್ಟು ಆಸ್ತಿ ಸ್ವಂತ ಬಂಡವಾಳದ ಸುಮಾರು 30 ಪಟ್ಟು ಇತ್ತು. ಆಸ್ತಿಯ ಬೆಲೆ ನೂರಕ್ಕೆ ಮೂರು ನಾಲ್ಕು ಇಳಿದರೆ ಮಾಲೀಕರದ್ದು ಸೊನ್ನೆ. ಇದಾದ ಮೇಲೆ ನಿಯಮ ಬಿಗಿಯಾಯಿತು. 1988ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೂತು ಮಾಡಿದ ಮೊದಲ ಒಪ್ಪಂದ ಅಪಾಯದ ತೂಕದ ಪ್ರಕಾರ ಶೇ. 8 ಬಂಡವಾಳ ಕೇಳುತ್ತಿತ್ತು. 2010ರ ಬಾಸೆಲ್ 3 ಅದರ ಮೇಲೆ ಇನ್ನೂ ಶೇ. 2.5 ಸೇರಿಸಿತು. ನಮ್ಮ ರಿಸರ್ವ್ ಬ್ಯಾಂಕ್ 8ರ ಜಾಗದಲ್ಲಿ 9 ಕೇಳುತ್ತದೆ, ಎಲ್ಲ ಸೇರಿ ಶೇ. 11.5.

"ಅಪಾಯದ ತೂಕ" ಅಂದೆನಲ್ಲ, ಅದು ನಿಮಗೂ ತಾಕುತ್ತದೆ. ನೀವು ಮನೆ ಬೆಲೆಯ ಶೇ. 80ರೊಳಗೆ ಗೃಹಸಾಲ ತೆಗೆದುಕೊಂಡಿದ್ದರೆ, ಸಾಲ ತೀರಾ ದೊಡ್ಡದಲ್ಲದಿದ್ದರೆ, ಅದರ ತೂಕ ಸಾಮಾನ್ಯವಾಗಿ ಶೇ. 35. ಶೇ. 9ರ ಲೆಕ್ಕದಲ್ಲಿ 100 ರೂಪಾಯಿ ಸಾಲಕ್ಕೆ ಬ್ಯಾಂಕ್ 3 ರೂಪಾಯಿ 15 ಪೈಸೆ ಸ್ವಂತದ್ದು ಇಟ್ಟರೆ ಸಾಕು. ಹೊಸ ಫೋನಿಗೋ ಗೋವಾ ಟ್ರಿಪ್ಪಿಗೋ ತೆಗೆದುಕೊಂಡ ಪರ್ಸನಲ್ ಲೋನಿನ ತೂಕವನ್ನು ರಿಸರ್ವ್ ಬ್ಯಾಂಕ್ 2023ರ ನವೆಂಬರಿನಲ್ಲಿ ಶೇ. 100ರಿಂದ 125ಕ್ಕೆ ಏರಿಸಿತು. ಅದೇ ಲೆಕ್ಕದಲ್ಲಿ 100ಕ್ಕೆ 11 ರೂಪಾಯಿ 25 ಪೈಸೆ. ಆ ಸಾಲ ತುಟ್ಟಿ ಆಗೋಕೆ ಇದೂ ಒಂದು ಕಾರಣ.

ಬಂಡವಾಳ ಜಾಸ್ತಿ ಆದರೆ ಲಾಭ ಕಡಿಮೆ ಅನ್ನೋದು ದೇಶ ದೇಶಗಳಲ್ಲಿ ನಿಜವೇ? ಒಂದೇ ಉತ್ತರ ಇಲ್ಲ. ದೆಮಿರ್ಗುಚ್-ಕುಂಟ್ ಮತ್ತು ಹೈಜಿಂಗಾ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 80 ದೇಶಗಳ ಬ್ಯಾಂಕುಗಳ 1988ರಿಂದ 1995ರವರೆಗಿನ ಲೆಕ್ಕ ನೋಡಿ 1999ರಲ್ಲಿ ಬರೆದ ಪ್ರಬಂಧದಲ್ಲಿ, ಸ್ವಂತ ಬಂಡವಾಳ ಹೆಚ್ಚಿದ್ದ ಬ್ಯಾಂಕುಗಳೇ ಒಟ್ಟು ಆಸ್ತಿಯ ಲೆಕ್ಕದಲ್ಲಿ ಹೆಚ್ಚು ಲಾಭ ಮಾಡಿದ್ದವು ಅಂತ ಕಂಡುಕೊಂಡರು. ಗಟ್ಟಿ ಕುಳ ಅಂತ ಹೆಸರಿದ್ದವನಿಗೆ ಕಡಿಮೆ ಬಡ್ಡಿಗೆ ಹಣ ಹುಟ್ಟುತ್ತದೆ, ಅದು ನಮ್ಮೂರಲ್ಲೂ ಅಷ್ಟೇ. ಬರ್ಗರ್ ಮತ್ತು ಬೌಮನ್ 2013ರಲ್ಲಿ ಅಮೆರಿಕದ ಬ್ಯಾಂಕುಗಳ ಬಗ್ಗೆ ಬರೆದದ್ದೂ ಹತ್ತಿರದ ಮಾತೇ: ಸಣ್ಣ ಬ್ಯಾಂಕುಗಳಿಗೆ ಬಂಡವಾಳ ಯಾವಾಗಲೂ ಕೈಹಿಡಿಯುತ್ತದೆ, ದೊಡ್ಡವುಗಳಿಗೆ ಮುಖ್ಯವಾಗಿ ಬ್ಯಾಂಕಿಂಗ್ ಬಿಕ್ಕಟ್ಟಿನ ಕಾಲಕ್ಕೆ. ಆದರೆ ಬ್ಯಾಂಕ್ ಬಿದ್ದರೆ ಸರ್ಕಾರ ಎತ್ತಿಕೊಳ್ಳುತ್ತದೆ ಅನ್ನೋ ನಂಬಿಕೆ ಗಟ್ಟಿ ಇರುವ ಕಡೆ ತೆಳು ಬಂಡವಾಳದವನಿಗೂ ಅಗ್ಗವಾಗಿ ಹಣ ಸಿಗುತ್ತದೆ. ಅಲ್ಲಿ ಅವನ ಲಾಭದಲ್ಲಿ ಸರ್ಕಾರದ ಬೆನ್ನಿನ ಬಾಡಿಗೆಯೂ ಸೇರಿರುತ್ತದೆ, ಆದರೆ ಆ ಬಾಡಿಗೆಯನ್ನು ಯಾರೂ ಪೂರ್ತಿ ಕಟ್ಟುವುದಿಲ್ಲ.

ಇನ್ನು ನ್ಯಾಯದ ಮಾತಿಗೆ ಬರೋಣ. ಇದಕ್ಕೆ ನಾನು ಬಾಸೆಲ್‌ವರೆಗೆ ಹೋಗಬೇಕಾಗಿಲ್ಲ, ಗದಗ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ ಹೋದರೆ ಸಾಕು. ಹೈಸ್ಕೂಲಿನಲ್ಲಿ ನಮಗೆ ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ ಬಾಯಿಪಾಠ ಮಾಡಿಸಿದ್ದರು: ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಯಾವುದು? ಗದಗ ತಾಲೂಕಿನ ಕಣಗಿನಹಾಳ, 1905. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಊರ ಜನ ಸೇರಿ ಹಾಕಿದ ಷೇರು ಬಂಡವಾಳ 2,000 ರೂಪಾಯಿ. ನಮ್ಮ ಭಾಗ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಅಂಕ ಬಂತು, ಪ್ರಶ್ನೆ ಮರೆತೆ. ಆ ಸಂಘಗಳು ನಡೆದ 1904ರ ಕಾಯ್ದೆಯಲ್ಲಿ ಏನಿತ್ತು ಅಂತ ಓದಿದ್ದು ಅವ್ವನ ಪಾಸ್‌ಬುಕ್ ನೋಡಿದ ಮೇಲೆ.

ಜರ್ಮನಿಯ ರೈಫೈಸನ್ ಹಳ್ಳಿ ಸಂಘಗಳ ಮಾದರಿ ಹಿಡಿದ ಆ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ನೀವು ಹಾಕಿದ ಷೇರು ಹೋಯಿತು, ಮುಗಿಯಿತು ಅಂತಲ್ಲ. ಹೊಲ ಮನೆ ಎಲ್ಲಾ ಹೊಣೆ. ಬಂದ ಲಾಭ ಹಂಚಿಕೊಳ್ಳೋದಲ್ಲ, ಮೊದಲು ಮೀಸಲು ನಿಧಿಗೆ. ನಮ್ಮ ಈಗಿನ ಭಾಷೆಯಲ್ಲಿ ಹೇಳೋದಾದರೆ ಇಡೀ ಊರಿನ ಆಸ್ತಿಯೇ ಬಂಡವಾಳ. ಎತ್ತಿಗೆ ಅಂತ ಸಾಲ ತೆಗೆದವನು ಎತ್ತು ತಂದನೋ, ಮಗಳ ಮದುವೆಗೆ ಖರ್ಚು ಮಾಡಿದನೋ ಅಂತ ಪಕ್ಕದ ಮನೆಯವನು ನೋಡುತ್ತಿದ್ದ, ಯಾಕೆಂದರೆ ಮುಳುಗಿದರೆ ಅವನದೂ ಮುಳುಗುತ್ತದೆ. ನಾನು ಬರೆಯೋ ಸಾವಿರಾರು ಸಾಲಿನ ಕೋಡು ಮಾಡೋ ಕೆಲಸವನ್ನು ಅಲ್ಲಿ ಕಟ್ಟೆ ಮೇಲೆ ಕೂತ ಹಿರಿಯರು ಮಾಡುತ್ತಿದ್ದರು.

ಹಾಗಂತ ಮಿತಿಯಿಲ್ಲದ ಹೊಣೆಯೇ ಶ್ರೇಷ್ಠ ಅಂತ ಹೇಳೋಕೂ ಮನಸ್ಸು ಒಪ್ಪುವುದಿಲ್ಲ. 1878ರಲ್ಲಿ ಸ್ಕಾಟ್ಲೆಂಡಿನ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿತು. ಅದರ ಷೇರುದಾರರ ಹೊಣೆಗೂ ಮಿತಿ ಇರಲಿಲ್ಲ. 1,819 ಷೇರುದಾರರಲ್ಲಿ ಕೊನೆಗೆ ದಿವಾಳಿ ಆಗದೆ ಉಳಿದವರು 254 ಜನ. ಠೇವಣಿದಾರರಿಗೆ ಪೂರ್ತಿ ಹಣ ಸಿಕ್ಕಿತು, ಸರಿ. ಆದರೆ ಹಾಗೆ ಬೀದಿಗೆ ಬಂದವರಲ್ಲಿ ತಪ್ಪು ಲೆಕ್ಕ ಬರೆದ ನಿರ್ದೇಶಕರು ಕೆಲವರಷ್ಟೇ. ಉಳಿದವರು ಒಂದಿಷ್ಟು ಷೇರು ಇಟ್ಟುಕೊಂಡು ಡಿವಿಡೆಂಡ್ ನಂಬಿದ್ದ ಸಾಮಾನ್ಯರು. ತಪ್ಪು ಮಾಡಿದವನಿಗೂ, ನಂಬಿದವನಿಗೂ ಒಂದೇ ಶಿಕ್ಷೆ. ಅದೂ ನ್ಯಾಯ ಅಲ್ಲ.

ಇನ್ನೊಂದು ಆಕ್ಷೇಪವನ್ನು ನಮ್ಮ ಕಾಕಾ ಎತ್ತಿದ. ಅವನು ಊರ ಸೊಸೈಟಿಯ ಹಳೇ ಸದಸ್ಯ. ನಾನು ಬಂಡವಾಳ ಜಾಸ್ತಿ ಇರಬೇಕು ಅಂತ ಭಾಷಣ ಶುರು ಮಾಡಿದಾಗ ತಂಬಾಕು ತಿಕ್ಕುತ್ತಾ ಕೇಳಿದ, "ತಮ್ಮಾ, ನೀ ಹೇಳೂದು ಖರೆ. ಆದ್ರ ಎಲ್ಲಾರೂ ಅಷ್ಟು ಗಟ್ಟಿ ಆಗೂತನಕ ನಾವು ಬೀಜ-ಗೊಬ್ಬರಕ್ಕ ಎಲ್ಲಿಗೆ ಹೋಗೂಣು? ಮತ್ತ ಶೇಕಡಾ ಮೂರರ ಸಾಹುಕಾರನ ಕಡೆ ಏನು?" ಅವನು ಹೇಳಿದ ಮೂರು ತಿಂಗಳಿಗೆ, ಅಂದರೆ ವರ್ಷಕ್ಕೆ ಮೂವತ್ತಾರು.

ಈ ಮಾತನ್ನು ಹಗುರ ಮಾಡೋಕೆ ಆಗುವುದಿಲ್ಲ. ಬಂಡವಾಳದ ಅಳತೆ ಒಮ್ಮೆಲೇ ಬಿಗಿ ಮಾಡಿದರೆ ಬ್ಯಾಂಕು ಹೊಸ ಷೇರು ತರೋ ಬದಲು ಸಾಲ ಕೊಡೋದನ್ನು ಕಡಿಮೆ ಮಾಡಿ ಲೆಕ್ಕ ಸರಿ ಮಾಡಿಕೊಳ್ಳಬಹುದು. ಆಗ ಮೊದಲು ಕತ್ತರಿ ಬೀಳೋದು ಬೆಟಗೇರಿಯ ನೇಕಾರನಿಗೆ, ಶಿರಹಟ್ಟಿಯ ಶೇಂಗಾ ಬೆಳೆಯೋನಿಗೆ, ಲಕ್ಷ್ಮೇಶ್ವರದ ಸಣ್ಣ ಅಂಗಡಿಯವನಿಗೆ. ದೊಡ್ಡ ಕುಳಕ್ಕೆ ಹೇಗೋ ಸಿಗುತ್ತದೆ. ಠೇವಣಿ ಇಟ್ಟ ಅವ್ವನ ನ್ಯಾಯವೂ, ಸಾಲ ಬೇಕಾದ ಕಾಕಾನ ನ್ಯಾಯವೂ ಒಂದೇ ಮನೆಯೊಳಗೆ ಎದುರುಬದುರು ಕೂತವು. ಅದಕ್ಕೇ ನಿಯಮ ತರೋವಾಗ ಹಂತ ಹಂತವಾಗಿ ತರುತ್ತಾರೆ, ಸಣ್ಣವರಿಗೆ ಬೇರೆ ಅಳತೆ ಇಡುತ್ತಾರೆ. ಒಂದೇ ಜಿಲ್ಲೆಯೊಳಗಿನಂಥ ಸಣ್ಣ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಶೇ. 9, ದೊಡ್ಡವಕ್ಕೆ ಶೇ. 12. ಆದರೂ ಕಾಕಾನಿಗೆ ನಾನು ಒಂದು ಮಾತು ಹೇಳಿದೆ: "ಕಾಕಾ, ಸಂಘ ಮುಳುಗಿದ ಮ್ಯಾಲೆ ಯಾರಿಗೂ ಸಾಲ ಸಿಗಂಗಿಲ್ಲಲ್ರೀ." ಅದಕ್ಕೆ ಅವನು "ಅದೂ ಖರೇನ" ಅಂದ.

ಆಫೀಸಿನ ಊಟದ ಟೇಬಲ್ಲಿನ ಮಾತೂ ಒಂದಿದೆ. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ರೈತರ ಸಾಲಮನ್ನಾ ಘೋಷಿಸಿದಾಗ, ನಮ್ಮ ತೆರಿಗೆ ಹಣ ಹೋಯಿತು, ರೈತರಿಗೆ ಸಾಲ ಕಟ್ಟೋ ಶಿಸ್ತೇ ಇಲ್ಲ ಅಂತ ಟೇಬಲ್ ಕುಟ್ಟಿದವರಿದ್ದರು. ಅದಕ್ಕೆ ಒಂದು ವರ್ಷ ಮೊದಲು, 2017ರ ಅಕ್ಟೋಬರಿನಲ್ಲಿ, ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಯೋಜನೆ ಪ್ರಕಟವಾಗಿತ್ತು. ಅವತ್ತು ಅದೇ ಟೇಬಲ್ಲಿನಲ್ಲಿ ಶಿಸ್ತಿನ ಮಾತು ಬರಲಿಲ್ಲ, ಬ್ಯಾಂಕ್ ಷೇರು ಏರುತ್ತೆ ಅನ್ನೋ ಮಾತು ಬಂತು. ಎರಡೂ ಒಂದೇ ಅಲ್ಲ, ಒಪ್ಪುತ್ತೀನಿ. ಬಂಡವಾಳಕ್ಕೆ ಬದಲಾಗಿ ಸರ್ಕಾರಕ್ಕೆ ಷೇರು ಸಿಗುತ್ತದೆ. ಮುಂದೆ 2022-23ರಲ್ಲಿ ಸರ್ಕಾರಿ ಬ್ಯಾಂಕುಗಳ ಒಟ್ಟು ಲಾಭ 1 ಲಕ್ಷ ಕೋಟಿ ದಾಟಿತು. ಆದರೆ ಮುಳುಗಿದ ದೊಡ್ಡ ಸಾಲದ ನಷ್ಟಕ್ಕೆ ಮೊದಲು ಹೆಗಲು ಕೊಟ್ಟವರು ಯಾರು ಅಂತ ಕೇಳಿದರೆ ಉತ್ತರ ಒಂದೇ.

ಕಟಕಟೆಯಲ್ಲಿ ನಾನೂ ನಿಲ್ಲಬೇಕು. ಒಂದು ಸಲ ನಮ್ಮ ತಂಡಕ್ಕೆ ಒಂದು ಬದಲಾವಣೆ ಬಂತು. ಸಾಲಕ್ಕೆ ಭದ್ರತೆಯಾಗಿ ಕೊಟ್ಟ ಆಸ್ತಿಯ ಕಾಗದ ಪತ್ರ ಪೂರ್ತಿ ಬಂದಿಲ್ಲದಿದ್ದರೆ ಆ ಸಾಲಕ್ಕೆ ಪೂರ್ತಿ ತೂಕ ಹಾಕುತ್ತಿದ್ದೆವು. ಇನ್ನು ಮೇಲೆ ಒಂದು ತಿಂಗಳವರೆಗೆ ಕಾಗದ ಬಂದಂತೆಯೇ ಲೆಕ್ಕ ಹಾಕಿ ಅಂದರು. ಹೀಗೆ ಮಾಡಬಹುದಾ ಅಂತ ಕೇಳಿದೆ. "ನಿಯಮದಲ್ಲಿ ಅವಕಾಶ ಇದೆ" ಅಂದರು. ನಾಲ್ಕು ಸಾಲಿನ ಕೋಡು. ಬೇಕಾಗೋ ಬಂಡವಾಳ ಇಳಿಯಿತು, ನಮಗೆ ಮೆಚ್ಚುಗೆಯ ಮೇಲ್ ಬಂತು. ಸಾಲಗಳು ನಿನ್ನೆ ಹೇಗಿದ್ದವೋ ಇವತ್ತೂ ಹಾಗೇ ಇದ್ದವು. ಬದಲಾಗಿದ್ದು ಅಪಾಯಕ್ಕೆ ನಾವಿಟ್ಟ ಸಂಖ್ಯೆ ಮಾತ್ರ.

ಸಂಖ್ಯೆ ಎಲ್ಲವನ್ನೂ ಕಾಪಾಡುವುದೂ ಇಲ್ಲ. ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕಿನ ಮುಖ್ಯ ಬಂಡವಾಳದ ಅನುಪಾತ 2022ರ ಕೊನೆಗೆ ಶೇ. 14.1 ಇತ್ತು. ಮೂರು ತಿಂಗಳೊಳಗೆ, 2023ರ ಮಾರ್ಚಿನಲ್ಲಿ, ಅದನ್ನು ಯುಬಿಎಸ್‌ಗೆ 3 ಬಿಲಿಯನ್ ಫ್ರಾಂಕಿಗೆ ಕೊಟ್ಟುಬಿಟ್ಟರು. ಜನರ ನಂಬಿಕೆ ಹೋದ ಮೇಲೆ ಅನುಪಾತ ಹಿಡಿದು ಏನು ಮಾಡೋದು?

ಇಷ್ಟೆಲ್ಲ ಸುತ್ತಿ ನಾನು ಮುಟ್ಟಿದ ಜಾಗ ಇದು. ಲಾಭ ಯಾರ ಮನೆಗೆ ಹೋಗುತ್ತದೋ ನಷ್ಟವೂ ಮೊದಲು ಅವರ ಮನೆ ಬಾಗಿಲನ್ನೇ ತಟ್ಟಬೇಕು. ಇದು ಹೊಸ ತತ್ವವೇನಲ್ಲ, ಪಾಲಿಗೆ ಹೊಲ ಮಾಡೋ ಯಾರನ್ನು ಕೇಳಿದರೂ ಹೇಳುತ್ತಾರೆ. ಕಣಗಿನಹಾಳದ ಕಾಲದಲ್ಲಿ ಇದನ್ನು ಕಾಯೋಕೆ ಊರಿನ ಕಣ್ಣು ಇತ್ತು. ಈಗ ಠೇವಣಿ ಇಟ್ಟವರು ಒಂದು ಕಡೆ, ಸಾಲ ತೆಗೆದವರು ಇನ್ನೊಂದು ಕಡೆ, ಷೇರುದಾರರು ಮತ್ತೊಂದು ಕಡೆ, ಯಾರಿಗೂ ಯಾರ ಮುಖ ಗೊತ್ತಿಲ್ಲ. ಬ್ಯಾಲೆನ್ಸ್ ಶೀಟ್ ಓದಲು ಬಾರದ ಅವ್ವನ ಪರವಾಗಿ "ನಿಮ್ಮದು ಎಷ್ಟು ಹಾಕಿದ್ದೀರಿ?" ಅಂತ ಯಾರೋ ಒಬ್ಬರು ಕೇಳಲೇಬೇಕು. ಬಂಡವಾಳದ ನಿಯಮ ಅಂದರೆ ಆ ಪ್ರಶ್ನೆಯೇ. ಅದರಿಂದ ಲಾಭ ಒಂದಿಷ್ಟು ಇಳಿದರೆ, ಇಳಿದ ಭಾಗ ನ್ಯಾಯವಾಗಿ ಅವರದ್ದು ಆಗಿತ್ತಾ ಅಂತ ಮೊದಲು ನೋಡಬೇಕು.

ನಿಯಮ ಇಲ್ಲದ ಕಡೆ ನಾವೇ ಕೇಳಬೇಕು. ಊರಿನಲ್ಲಿ ಅಪ್ಪ ಅವ್ವನ ಠೇವಣಿ ಇದ್ದರೆ ಒಮ್ಮೆ ನೋಡಿ. ಹೆಸರಿನಲ್ಲಿ "ಬ್ಯಾಂಕ್" ಇದೆಯಾ, ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯಾ? ಇದ್ದರೆ, 2020ರ ಫೆಬ್ರವರಿಯಿಂದ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹಾಗಂತ ಅವೆಲ್ಲ ಕೆಟ್ಟವು ಅಂತಲ್ಲ, ಚೆನ್ನಾಗಿ ನಡೆಯೋವು ಎಷ್ಟೋ ಇವೆ. ಅಲ್ಲಿ ವಾರ್ಷಿಕ ವರದಿ ಕೇಳಿ ತೆಗೆದುಕೊಂಡು ಷೇರು, ನಿಧಿ ಎಷ್ಟು, ಬಾಕಿ ಬಿದ್ದ ಸಾಲ ಎಷ್ಟು ನೋಡಿ. ಮೇಲಿನ ಮೂರು ಪರ್ಸೆಂಟ್ ಯಾಕೆ ಕೊಡ್ತಾ ಇದ್ದಾರೆ ಅಂತ ಕೇಳಿ. ನಾನು ಕೇಳದೆ ಬಿಟ್ಟದ್ದು ಇದನ್ನೇ.

ಅವ್ವನಿಗೆ ಇಲ್ಲಿಯವರೆಗೆ ಕಂತು ಕಂತಾಗಿ 60 ಸಾವಿರ ಬಂದಿದೆ. ಉಳಿದದ್ದು ನಾನು ಕೊಡ್ತೀನಿ ಅಂದೆ. ಬೇಡ ಅಂದಳು. "ನಿನ್ನ ರೊಕ್ಕ ಬ್ಯಾರೆ, ಆ ರೊಕ್ಕ ಬ್ಯಾರೆ. ಅದು ನಾ ದುಡದದ್ದು." ಸಲಹೆ ಕೊಟ್ಟವನು ನಾನು, ನಷ್ಟದಲ್ಲಿ ನನ್ನ ಪಾಲೂ ಇರಬೇಕು ಅಂತ ಎರಡು ಮೂರು ಸಲ ಹೇಳಿದ ಮೇಲೆ ಸುಮ್ಮನಾದಳು. ಬೆಂಗಳೂರಿಗೆ ಹೊರಟಾಗ ಬುತ್ತಿ ಕಟ್ಟುತ್ತಾ ಅಂದಳು, "ಹಂಗಾದ್ರ ಅರ್ಧ ನೀ ಹಾಕು. ಅರ್ಧ ನಂದ ಇರಲಿ. ಒಂಬತ್ತೂವರೆ ಅಂದಕೂಡಲೇ ನಾನೂ ಆಸೆಬಿದ್ದೆ."

ಹೋದ ತಿಂಗಳಿಂದ ಅವಳ ಖಾತೆಗೆ ಐದು ಸಾವಿರ ಹಾಕ್ತಾ ಇದ್ದೀನಿ. ಅರ್ಧ ಮುಟ್ಟೋಕೆ ಹನ್ನೆರಡು ತಿಂಗಳು ಬೇಕು. ಸಂಘದವರು ಇನ್ನೂ ಮುಂದಿನ ವಾರ ಬರ್ರಿ ಅಂತಲೇ ಹೇಳ್ತಾ ಇದ್ದಾರೆ.